ನಿಲ್ಲದ ಹನಿ: ಮನೆಯ ಆರ್‌ಓ ಯಂತ್ರದ ವಾಲ್ವು ಕೆಟ್ಟಾಗ

ದೇಹದ ಆರೋಗ್ಯಕ್ಕೆ ಶುದ್ಧ ಆಹಾರವೆಷ್ಟು ಅವಶ್ಯವೋ ಶುದ್ಧ ಜಲವೂ ಅಷ್ಟೇ ಅವಶ್ಯ. ಪಾದೋದಕವನ್ನು ಅಷ್ಟಾವರಣಗಳಲ್ಲಿ ಒಂದಾಗಿ ಸ್ವೀಕರಿಸಿದ ಪರಂಪರೆ ನಮ್ಮದು. ನೀರನ್ನು ಬಾಯಾರಿಕೆ ತಣಿಸುವ ವಸ್ತುವೆಂದಷ್ಟೇ ನಾವು ಎಣಿಸಿದವರಲ್ಲ. ಆದ್ದರಿಂದ ನೀರನ್ನು ಶುದ್ಧಗೊಳಿಸಲೆಂದು ಮನೆಗೆ ತಂದ ಯಂತ್ರವೇ ನೀರನ್ನು ವ್ಯರ್ಥಗೊಳಿಸುತ್ತಿದ್ದರೆ ಅದರ ಕಡೆ ಗಮನ ಕೊಡುವುದು ನಮ್ಮ ಕರ್ತವ್ಯ.

ಕರ್ಜಗಿಯ ಬಳಿಯಲ್ಲಿಯೇ ವರದಾ ನದಿ ಹರಿಯುತ್ತಿದೆ. ಆದರೆ ಬೇಸಿಗೆಯಲ್ಲಿ ಅದರ ಹರಿವು ಸೊರಗಿದಾಗ ಕೊಳವೆಬಾವಿಯೇ ಆಸರೆ. ಹಾವೇರಿ ಜಿಲ್ಲೆಯ ಹಲವೆಡೆ ಈ ನೀರು ಗಡಸಾಗಿದೆ; ಕೆಲವೆಡೆ ಫ್ಲೋರೈಡ್ ಅಂಶವೂ ಇದೆ. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕುಡಿಯುವ ನೀರಿನಲ್ಲಿ ಕರಗಿದ ಲವಣಗಳು, ಅಂದರೆ ಟಿಡಿಎಸ್, ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವಿಲ್ಲದಿದ್ದಲ್ಲಿ 2000ದ ವರೆಗೆ ಸಹಿಸಬಹುದು. ಫ್ಲೋರೈಡ್ 1 ಮಿಲಿಗ್ರಾಂ ಮೀರಬಾರದು, ಅನಿವಾರ್ಯವಾದರೆ 1.5. ಇದಕ್ಕಿಂತ ಹೆಚ್ಚಿನ ಫ್ಲೋರೈಡನ್ನು ವರ್ಷಗಟ್ಟಲೆ ಸೇವಿಸಿದರೆ ಹಲ್ಲು ಮತ್ತು ಎಲುಬುಗಳಿಗೆ ಹಾನಿ ತಪ್ಪದು. ಇಂಥ ನೀರಿಗೆ ಆರ್‌ಓ ಯಂತ್ರವು ಉಪಯುಕ್ತ ಸಾಧನ. ಇದರ ಜೀವಾಳವಾದ ಮೆಂಬ್ರೇನ್ ಎಂಬ ತೆಳುಪೊರೆಯನ್ನು ಬಳಕೆಗೆ ಯೋಗ್ಯವಾಗಿಸಿದವರಲ್ಲಿ, 1950ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಸಿಡ್ನಿ ಲೋಬ್ ಅವರೊಡನೆ ಶ್ರಮಿಸಿದ ಭಾರತೀಯ ವಿಜ್ಞಾನಿ ಶ್ರೀನಿವಾಸ ಸೌರಿರಾಜನ್ ಒಬ್ಬರು.

ವಾಲ್ವಿನ ಕೆಲಸವೇನು?

ಗೋಡೆಗೆ ತೂಗುಹಾಕುವ ಯಂತ್ರಗಳಲ್ಲಿ ನೀರು ಮೊದಲು ಮಣ್ಣು ತಡೆಯುವ ಕ್ಯಾಂಡಲ್ಲಿನ ಮೂಲಕ ಹಾಯ್ದು, ಪಂಪಿನ ಒತ್ತಡದಿಂದ ಮೆಂಬ್ರೇನಿಗೆ ಹೋಗುತ್ತದೆ. ಶುದ್ಧ ನೀರು ಟಾಕಿಗೆ ಬೀಳುತ್ತದೆ. ಲವಣ ತುಂಬಿದ ನೀರು ವೇಸ್ಟ್ ಪೈಪಿನಿಂದ ಹೊರಹೋಗುತ್ತದೆ. ಟಾಕಿ ತುಂಬಿದೊಡನೆ ಒಳಗಿನ ಫ್ಲೋಟ್ ಮೇಲೆದ್ದು ವಿದ್ಯುತ್ತನ್ನು ತಡೆಯುತ್ತದೆ. ಆಗ ಪಂಪು ನಿಲ್ಲುತ್ತದೆ. ಜೊತೆಗೆ ಸೊಲೆನಾಯ್ಡ್ ವಾಲ್ವು ಮುಚ್ಚಿಕೊಂಡು ಒಳಬರುವ ನೀರನ್ನು ತಡೆಯುತ್ತದೆ. ರಿಪೇರಿ ಮಾಡುವವರು ಇದನ್ನೇ ಎಸ್‌ವಿ ಎನ್ನುವುದು. ವಿದ್ಯುತ್ ಇದ್ದಾಗ ತೆರೆಯುವುದು, ಇಲ್ಲದಾಗ ಮುಚ್ಚುವುದು ಇದರ ಧರ್ಮ.

ವಾಲ್ವಿನೊಳಗಿನ ರಬ್ಬರಿನ ಪದರಕ್ಕೆ ಮರಳಿನ ಕಣ ಸಿಕ್ಕಿಕೊಂಡರೆ ಅಥವಾ ಗಡಸು ನೀರಿನ ಸುಣ್ಣ ಕಟ್ಟಿಕೊಂಡರೆ ಅದು ಪೂರ್ತಿ ಮುಚ್ಚದು. ಮೇಲಿನ ಟಾಕಿಯ ನೀರು ಹಗಲಿರುಳು ಯಂತ್ರದ ಮೂಲಕ ಜಿನುಗುತ್ತಲೇ ಇರುತ್ತದೆ. ಇದರಿಂದ ನೀರು ಪೋಲಾಗುವುದು ಒಂದು ನಷ್ಟ. ಆರೋಗ್ಯಕ್ಕೆ ಆಗುವ ನಷ್ಟ ಇನ್ನೊಂದು. ಮೆಂಬ್ರೇನ್ ಲವಣವನ್ನು ಚೆನ್ನಾಗಿ ಬೇರ್ಪಡಿಸುವುದು ಪಂಪಿನ ಒತ್ತಡವಿದ್ದಾಗ ಮಾತ್ರ. ಒತ್ತಡವಿಲ್ಲದೆ ಜಿನುಗಿದ ನೀರಿನಲ್ಲಿ ಲವಣದ ಅಂಶ ಹೆಚ್ಚಾಗಿರುತ್ತದೆ. ಅದು ಶುದ್ಧ ನೀರಿನ ಟಾಕಿಯನ್ನೇ ಸೇರುತ್ತದೆ. ಕ್ಯಾಂಡಲ್ ಮತ್ತು ಮೆಂಬ್ರೇನ್ ಅವಧಿಗೆ ಮುನ್ನವೇ ಸವೆಯುತ್ತವೆ. ಹೊರಗೆ ನಿಂತ ನೀರು ಸೊಳ್ಳೆಗಳಿಗೆ ತವರಾಗುತ್ತದೆ.

ದೋಷವನ್ನು ಗುರುತಿಸುವ ಬಗೆ

ಯಂತ್ರ ನಡೆಯುತ್ತಿರುವಾಗ ವೇಸ್ಟ್ ನೀರು ಬರುವುದು ಸಹಜ. ಟಾಕಿ ತುಂಬಿದ ಮೇಲೂ ಬರುತ್ತಿದ್ದರೆ ಮಾತ್ರ ಹೀಗೆ ಪರೀಕ್ಷಿಸಬೇಕು.

ಮೊದಲನೆಯದಾಗಿ, ಟಾಕಿ ತುಂಬಿ ಪಂಪಿನ ಸದ್ದು ನಿಂತ ಮೇಲೆ ವೇಸ್ಟ್ ಪೈಪಿನ ತುದಿಯನ್ನು ಒಂದು ಲೋಟದಲ್ಲಿಡಿ. ಒಳಗುಳಿದ ನೀರು ಇಳಿಯಲು ಹತ್ತು ನಿಮಿಷ ಬಿಡಿ. ಆಮೇಲೂ ಹನಿಯುತ್ತಿದ್ದರೆ ವಾಲ್ವಿನ ಮೇಲೆ ಸಂಶಯಪಡಬಹುದು.

ಎರಡನೆಯದಾಗಿ, ಯಂತ್ರದ ಪ್ಲಗ್ಗನ್ನು ಬೋರ್ಡಿನಿಂದ ತೆಗೆದು ಮತ್ತೆ ಹತ್ತು ನಿಮಿಷ ಕಾಯಿರಿ. ವಿದ್ಯುತ್ತೇ ಇಲ್ಲದಾಗಲೂ ನೀರು ಬರುತ್ತಿದ್ದರೆ ವಾಲ್ವು ಕೆಟ್ಟಿರುವುದು ನಿಶ್ಚಿತ.

ಮೂರನೆಯದಾಗಿ, ಟಾಕಿ ತುಂಬಿದರೂ ಪಂಪು ನಡೆಯುತ್ತಲೇ ಇದ್ದು, ಪ್ಲಗ್ ತೆಗೆದೊಡನೆ ನೀರು ನಿಂತರೆ ವಾಲ್ವಿನಲ್ಲಿ ದೋಷವಿಲ್ಲ, ದೋಷವಿರುವುದು ಫ್ಲೋಟಿನಲ್ಲಿ. ಸುಣ್ಣ ಕಟ್ಟಿ ಅದು ಸಿಕ್ಕಿಕೊಂಡಿರಬಹುದು. ಪ್ಲಗ್ ತೆಗೆದು, ಕೈ ತೊಳೆದುಕೊಂಡು ಅದನ್ನು ಮೇಲೆ ಕೆಳಗೆ ಆಡಿಸಿ ನೋಡಿ.

ಸಿಂಕಿನ ಕೆಳಗೆ ಒತ್ತಡದ ಟಾಕಿಯಿರುವ, ಪಂಪಿಲ್ಲದ ಯಂತ್ರಗಳಲ್ಲಿ ವಾಲ್ವಿಗೆ ವಿದ್ಯುತ್ ಬೇಡ. ಟಾಕಿ ತುಂಬಿದಾಗಿನ ಒತ್ತಡವೇ ಅದನ್ನು ಮುಚ್ಚುತ್ತದೆ. ಅಲ್ಲಿ ಟಾಕಿ ತುಂಬಿರುವಾಗ ಒಳಬರುವ ನೀರಿನ ನಳವನ್ನು ಮುಚ್ಚಿ ನೋಡಬೇಕು. ವೇಸ್ಟ್ ನೀರು ನಿಂತರೆ ವಾಲ್ವಿನ ದೋಷ. ನಿಲ್ಲದಿದ್ದರೆ ಟಾಕಿಯ ನೀರು ಹಿಂದಕ್ಕೆ ಸೋರುತ್ತಿದೆ, ಅಂದರೆ ಅದನ್ನು ತಡೆಯುವ ಚೆಕ್ ವಾಲ್ವು ಕೆಟ್ಟಿದೆ ಎಂದರ್ಥ.

ಹನಿಯ ಲೆಕ್ಕ

ಸುಮಾರು ಇಪ್ಪತ್ತು ಹನಿ ಕೂಡಿದರೆ ಒಂದು ಮಿಲಿಲೀಟರ್. ಸೆಕೆಂಡಿಗೆ ಒಂದು ಹನಿಯಂತೆ ಬಿದ್ದರೂ ದಿನಕ್ಕೆ ನಾಲ್ಕು ಲೀಟರಿಗೂ ಮಿಕ್ಕುತ್ತದೆ. ನಿಮಿಷಕ್ಕೆ 100 ಮಿಲಿಲೀಟರ್, ಅಂದರೆ ಅರ್ಧ ಲೋಟದಷ್ಟು, ಹರಿದರೆ ದಿನಕ್ಕೆ 144 ಲೀಟರ್. ಸುಮಾರು ಹತ್ತು ಕೊಡ ನೀರು. ಬೇಸಿಗೆಯಲ್ಲಿ ಹತ್ತು ಕೊಡ ನೀರಿನ ಬೆಲೆಯನ್ನು ನಮ್ಮ ತಾಯಂದಿರಿಗೆ ಬೇರೆ ಹೇಳಬೇಕಾಗಿಲ್ಲ.

ಪರಿಹಾರ

ರಿಪೇರಿಯವರು ಬರುವವರೆಗೆ ಸುಮ್ಮನಿರಬೇಕಿಲ್ಲ. ಯಂತ್ರಕ್ಕೆ ನೀರು ಕೊಡುವ ಪೈಪಿನಲ್ಲಿ ಚಿಕ್ಕ ನಳವೊಂದಿರುತ್ತದೆ. ಟಾಕಿ ತುಂಬಿಸುವಾಗ ಮಾತ್ರ ಅದನ್ನು ತೆರೆದು, ತುಂಬಿದ ಮೇಲೆ ಯಂತ್ರವನ್ನು ನಿಲ್ಲಿಸಿ ನಳ ಮುಚ್ಚಿರಿ. ನಳ ಮುಚ್ಚಿರುವಾಗ ಪಂಪನ್ನು ನಡೆಸಬೇಡಿ.

ಕೆಟ್ಟ ವಾಲ್ವನ್ನು ತೊಳೆದು ಮತ್ತೆ ಕೂಡಿಸುವುದು ತಾತ್ಕಾಲಿಕ ಉಪಾಯ. ಸವೆದ ರಬ್ಬರು ಮತ್ತೆ ಸರಿಹೋಗದು. ಕೆಲವು ನೂರು ರೂಪಾಯಿಗಳಲ್ಲಿ ಹೊಸದು ದೊರೆಯುತ್ತದೆ. ಹಳೆಯದರ ಮೇಲೆ ಬರೆದ ವೋಲ್ಟೇಜಿಗೆ (ಸಾಮಾನ್ಯವಾಗಿ 24 ವೋಲ್ಟ್) ಹೊಸದು ಹೊಂದಬೇಕು. ಅದರ ಮೇಲಿನ ಬಾಣದ ಗುರುತು ನೀರು ಹರಿಯುವ ದಿಕ್ಕಿಗಿರಬೇಕು. ಅದರೊಂದಿಗೆ ಮಣ್ಣಿನ ಕ್ಯಾಂಡಲ್ಲನ್ನೂ ಬದಲಿಸಿರಿ. ಇಲ್ಲದಿದ್ದರೆ ಅದೇ ಮರಳು ಹೊಸ ವಾಲ್ವನ್ನೂ ಕೆಡಿಸುತ್ತದೆ. ಬಳಿಕ ಟಾಕಿಯನ್ನು ತೊಳೆದು, ಮೊದಲು ತುಂಬಿದ ನೀರನ್ನು ಕುಡಿಯದೆ ಹೊರಹಾಕಿ, ಟಿಡಿಎಸ್ ಅಳೆಯಿಸಿರಿ. ಆದರೆ ಟಿಡಿಎಸ್ ಮೀಟರು ಫ್ಲೋರೈಡನ್ನಾಗಲಿ ರೋಗಾಣುಗಳನ್ನಾಗಲಿ ಬೇರೆಯಾಗಿ ತೋರಿಸದು. ಅದಕ್ಕೆ ಪ್ರಯೋಗಾಲಯದ ಪರೀಕ್ಷೆಯೇ ಬೇಕು.

ವೇಸ್ಟ್ ನೀರನ್ನು ಬಕೆಟ್ಟಿನಲ್ಲಿ ಹಿಡಿದು ನೆಲ ಒರೆಸಲು, ಶೌಚಾಲಯಕ್ಕೆ, ಅಂಗಳ ತೊಳೆಯಲು ಬಳಸಬಹುದು. ಲವಣವೂ ಫ್ಲೋರೈಡೂ ಅದರಲ್ಲಿ ದಟ್ಟವಾಗಿರುವುದರಿಂದ ದನಕರುಗಳಿಗೆ ಕುಡಿಸುವುದು ಬೇಡ. ಮನೆಗೆ ಬರುವ ನೀರಿನ ಟಿಡಿಎಸ್ 500ಕ್ಕಿಂತ ಕಡಿಮೆಯಿದ್ದು, ಪರೀಕ್ಷೆಯಲ್ಲಿ ಫ್ಲೋರೈಡ್ ಮುಂತಾದ ದೋಷಗಳಿಲ್ಲವೆಂದು ತಿಳಿದರೆ ಆರ್‌ಓ ಯಂತ್ರದ ಅವಶ್ಯಕತೆಯೇ ಇಲ್ಲ. ಸೋಸಿ, ಕುದಿಸಿ, ಆರಿಸಿ ಕುಡಿದರೆ ಸಾಕು.

ನಮ್ಮಲ್ಲಿರುವುದನ್ನು ಹಾಳುಮಾಡದೆ ಇತರರಿಗೂ ಉಳಿಸುವುದು ದಾಸೋಹದ ಒಂದು ಅಂಗವೆಂದು ನಾವು ಭಾವಿಸುತ್ತೇವೆ. ಸದ್ಭಕ್ತರು ತಿಂಗಳಿಗೊಮ್ಮೆಯಾದರೂ ತಮ್ಮ ಮನೆಯ ವೇಸ್ಟ್ ಪೈಪಿನ ತುದಿಯಲ್ಲಿ ಲೋಟವಿಟ್ಟು ನೋಡಲಿ.