ಕ್ಯಾಬಿನ್ನಿನ ತುಕ್ಕು

ಅಹಮದಾಬಾದಿನ ಕಠವಾಡಾ ಬಳಿಯ ದಾಸ್ತಾನ್ ಎಸ್ಟೇಟಿನಲ್ಲಿ ಪ್ರಾಣಲಾಲ್ ಭೋಗೀಲಾಲರು ಸಂಗ್ರಹಿಸಿದ ನೂರಕ್ಕೂ ಮಿಕ್ಕ ಪ್ರಾಚೀನ ವಾಹನಗಳು ಥಳಥಳಿಸುತ್ತ ನಿಂತಿರುವುದನ್ನು ಕಂಡವರಿಗೆ, ತುಕ್ಕೆಂಬುದು ಲೋಹಕುಲವನ್ನೇ ತೊರೆದು ಹೋಯಿತೇನೋ ಎಂಬ ಭ್ರಮೆ ಹುಟ್ಟುವುದು ಸಹಜ. ಆ ರಥಗಳ ಸೇವೆಗೆ ನುರಿತ ಕೈಗಳುಂಟು. 1988ರಲ್ಲಿ ರಸ್ತೆಗಿಳಿದ ಟಾಟಾಮೊಬೈಲಿನಂತಹ ಹಳೆಯ ಪಿಕಪ್ಪೊಂದನ್ನು ಮನೆಯಂಗಳದಲ್ಲಿಟ್ಟುಕೊಂಡು, ಅದರ ಕ್ಯಾಬಿನ್ನನ್ನು ತಾನೇ ಉಳಿಸಿಕೊಳ್ಳಬೇಕೆಂಬ ಗೃಹಸ್ಥನಿಗೆ ಅಂತಹ ಪರಿವಾರವಿಲ್ಲ. ಈ ಲೇಖನ ಅವನ ವಿದ್ಯೆಯನ್ನು ಕುರಿತದ್ದು.

ಕಬ್ಬಿಣ, ನೀರು, ಪ್ರಾಣವಾಯು ಈ ಮೂರೂ ಕೂಡಿದಲ್ಲಿ ತುಕ್ಕು ತಪ್ಪದು. ಉಪ್ಪು ಸೇರಿದರೆ ಅದಕ್ಕೆ ವೇಗ ಬರುತ್ತದೆ. ಖಾರಾಘೋಡಾದ ಉಪ್ಪಿನ ಆಗರಗಳಿಂದ ಮೂಟೆ ಹೊತ್ತು ಬಂದ ವಾಹನಕ್ಕೂ, ಸೂರತ್ತಿನ ಹಜೀರಾ ಕಡೆಯ ಕಡಲ ಗಾಳಿಯಲ್ಲಿ ನಿಂತ ವಾಹನಕ್ಕೂ ಆಯುಸ್ಸು ಕಡಿಮೆ. ಅಹಮದಾಬಾದಿನ ಹವೆ ಒಣಗಿದುದೇ ಆದರೂ ಅಲ್ಲಿಯ ಧೂಳು ಬಾಗಿಲ ಕೆಳಗಿನ ನೀರುಕಂಡಿಗಳನ್ನು ಮುಚ್ಚಿ, ಮಳೆಗಾಲದ ನೀರನ್ನು ತಗಡಿನ ಒಡಲಲ್ಲೇ ಸೆರೆಯಿಡುತ್ತದೆ. ಆದುದರಿಂದಲೇ ವ್ಯಾಧಿ ಬಹುಮಟ್ಟಿಗೆ ಒಳಗಿನಿಂದ ಹೊರಡುತ್ತದೆ: ಮುಂಗಾಜಿನ ರಬ್ಬರಿನಡಿ, ಕಾಲಡಿಯ ಚಾಪೆಯ ಕೆಳಗೆ, ಕ್ಯಾಬಿನ್ನಿನ ಹಿಂದಿನ ಮೂಲೆಗಳಲ್ಲಿ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಬಣ್ಣ ಗುಳ್ಳೆಯೇಳುತ್ತದೆ. ಗುಳ್ಳೆ ಕಂಡಾಗ ಒಳಗಿನ ತಗಡು ಅರ್ಧ ಸವೆದಿರುವುದುಂಟು.

ಉಪಕರಣಗಳಿಗೆ ಸಾಬರಮತಿಯ ದಡದ ಗುಜರಿ ಬಜಾರು ಯೋಗ್ಯ ಸ್ಥಳ. ನಗರದ ಸ್ಥಾಪಕ ಅಹಮದ್ ಶಾಹನ ಕಾಲದ್ದೆಂದು ಪ್ರತೀತಿಯಿರುವ ಈ ಭಾನುವಾರದ ಸಂತೆ, 1892ರ ಎಲ್ಲಿಸ್ ಸೇತುವೆಯ ನೆರಳಿನಲ್ಲಿ ಬಹುಕಾಲ ಹರಡಿಕೊಂಡಿದ್ದು, ನದೀತೀರದ ಅಭಿವೃದ್ಧಿಯ ಬಳಿಕ ಹೊಸ ಕಟ್ಟೆಗಳಿಗೆ ಬಂದಿದೆ. ಹಳೆಯ ಸುತ್ತಿಗೆ, ತಗಡಿನ ಹಿಂದೆ ಆನಿಸಿ ಹಿಡಿಯುವ ಡಾಲಿ, ತಗಡು ಕತ್ತರಿಗಳನ್ನು ಇಲ್ಲಿ ಕೈಗೆತ್ತಿಕೊಂಡು, ಭಾರ ನೋಡಿ, ಚೌಕಾಸಿ ಮಾಡಿ ಕೊಳ್ಳಬಹುದು.

ಕೆಲಸದ ಸಾರವೆಲ್ಲ ಛೇದನದಲ್ಲಿದೆ. ಬ್ಯಾಟರಿಯ ತಂತಿ ಬಿಚ್ಚಿ, ಇಂಧನದ ಟ್ಯಾಂಕನ್ನು ದೂರವಿಟ್ಟು, ರಬ್ಬರು, ಚಾಪೆಗಳನ್ನು ತೆಗೆದ ಮೇಲೆ, ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಹೋದರೆ ಗಟ್ಟಿ ತಗಡು ಖಣಖಣಿಸುತ್ತದೆ, ಕೊಳೆತದ್ದು ಮಂಕಾಗಿ ನುಡಿಯುತ್ತದೆ. ಕೊಳೆತುದನ್ನು ನಿರ್ದಾಕ್ಷಿಣ್ಯವಾಗಿ, ಗಟ್ಟಿ ಲೋಹ ಸಿಗುವವರೆಗೂ ಕತ್ತರಿಸಬೇಕು. ಇಲ್ಲಿ ಎದೆಗುಂದಿ ತೂತಿನ ಮೇಲೆ ಪುಟ್ಟಿ ಮೆತ್ತುವವರ ಸಂಖ್ಯೆ ದೊಡ್ಡದು. ಅದು ಕೊಳ್ಳುವವನಿಗೆ ಮಾಡುವ ಮೋಸವೆಂದೇ ನನ್ನ ಅಭಿಪ್ರಾಯ. ಸುಮಾರು 0.9 ಮಿಲಿಮೀಟರ್ ದಪ್ಪದ, ಅಂದರೆ 20 ಗೇಜಿನ ತಗಡನ್ನು ಅಳತೆಗೆ ಕತ್ತರಿಸಿ, ಸಿಓಟು ವೆಲ್ಡಿಂಗಿನಿಂದ ಅಲ್ಲೊಂದು ಇಲ್ಲೊಂದು ಚುಕ್ಕೆಯಿಟ್ಟು, ತಣಿಯಲು ಬಿಟ್ಟು, ಮತ್ತೆ ನಡುವೆ ಚುಕ್ಕೆಯಿಡುತ್ತ ಬರಬೇಕು. ಒಂದೇ ಎಳೆತದಲ್ಲಿ ಬೆಸೆದರೆ ಕಾವಿಗೆ ತಗಡು ಹಪ್ಪಳದಂತೆ ಸುರುಟುತ್ತದೆ. ಪುಟ್ಟಿಗೆ ಸ್ಥಾನವಿಲ್ಲದಿಲ್ಲ, ಆದರೆ ತೆಳುವಾಗಿ, ಮಟ್ಟ ಸಮಮಾಡುವುದಕ್ಕಷ್ಟೇ.

ಅಳಿದುಳಿದ ಸಣ್ಣ ತುಕ್ಕಿಗೆ ಫಾಸ್ಫಾರಿಕ್ ಆಮ್ಲವಿರುವ ದ್ರಾವಣ ಲೇಪಿಸಿದರೆ, ಆ ತುಕ್ಕು ಕಬ್ಬಿಣದ ಫಾಸ್ಫೇಟಾಗಿ ಮಾರ್ಪಟ್ಟು ಕಪ್ಪಾಗುತ್ತದೆ. ಸಾವಿರದ ಆರುನೂರು ವರ್ಷಗಳಿಂದ ಬಯಲಲ್ಲಿ ನಿಂತ ದೆಹಲಿಯ ಕಬ್ಬಿಣದ ಸ್ತಂಭವನ್ನು ಕಾಪಾಡಿರುವುದೂ ಅದರೊಳಗಿನ ರಂಜಕದ ಅಂಶವು ಮೇಲ್ಮೈಯಲ್ಲಿ ಕಟ್ಟಿದ ಪೊರೆಯೇ ಎಂದು ಲೋಹಶಾಸ್ತ್ರಜ್ಞರು ವಿವರಿಸಿದ್ದಾರೆ. ಕೊಡಚಾದ್ರಿಯ ಮಳೆಯನ್ನು ಸಹಿಸಿಕೊಂಡು ನಿಂತ ಆದಿಮೂಕಾಂಬಿಕೆಯ ಗುಡಿಯ ಕಬ್ಬಿಣದ ಸ್ತಂಭವನ್ನು ಕಂಡ ಕನ್ನಡಿಗರಿಗೆ ಈ ಮಾತು ಅಪರಿಚಿತವಾಗದು. ನಮ್ಮ ಕಾಲದ ತೆಳು ತಗಡಿಗೆ ಆ ಭಾಗ್ಯವಿಲ್ಲ. ಅದಕ್ಕೆ ಪ್ರೈಮರು ಬೇಕು, ಬಣ್ಣ ಬೇಕು, ಒಳಪೊಳ್ಳುಗಳಿಗೆ ಮೇಣದ ಸಿಂಪರಣೆ ಬೇಕು. ಬಣ್ಣಕ್ಕೆ ಗುಜರಾತಿನ ಒಣಚಳಿಗಾಲವೇ ಪ್ರಶಸ್ತ.

ಇಷ್ಟೆಲ್ಲ ಮಾಡಿಯೂ ನೀರುಕಂಡಿ ತೆರೆಯದಿದ್ದರೆ ಶ್ರಮ ವ್ಯರ್ಥ. ಹಳೆಯ ಗಾಡಿಯುಳ್ಳವರು ಜೂನ್ ತಿಂಗಳ ಮಳೆಗೆ ಮುನ್ನ ಚಾಪೆಯೆತ್ತಿ, ಬಾಗಿಲ ಕೆಳಗಿನ ಕಂಡಿಗಳಿಗೆ ಕಡ್ಡಿಯಾಡಿಸಿ ನೋಡಿಕೊಳ್ಳಬೇಕೆಂದು ಪ್ರಾರ್ಥನೆ.