ನಿನೆವೆಗೆ ಇಬ್ಬರು ಪ್ರವಾದಿಗಳು

ಹಳೆಯ ಒಡಂಬಡಿಕೆಯ ಹನ್ನೆರಡು ಕಿರುಪ್ರವಾದಿಗಳ ಸಾಲಿನಲ್ಲಿ ಯೋನನದು ಐದನೆಯ ಪುಸ್ತಕ, ನಹೂಮನದು ಏಳನೆಯದು. ಎರಡನ್ನೂ ಸೇರಿಸಿ ಓದಲು ಅರ್ಧ ಗಂಟೆ ಸಾಕು. ಇಬ್ಬರ ಕಣ್ಣೂ ಒಂದೇ ಊರಿನ ಮೇಲೆ: ಟೈಗ್ರಿಸ್ ದಂಡೆಯ ನಿನೆವೆ, ಅಶ್ಶೂರ್ಯರ ರಾಜಧಾನಿ. ಒಂದರಲ್ಲಿ ಆ ಊರು ಉಳಿಯುತ್ತದೆ, ಇನ್ನೊಂದರಲ್ಲಿ ಅಳಿಯುತ್ತದೆ.

ಸಂಡೇ ಸ್ಕೂಲಿಗೆ ಹೋದ ಮಕ್ಕಳಿಗೆಲ್ಲ ಯೋನನೂ ಅವನನ್ನು ನುಂಗಿದ ಮೀನೂ ಗೊತ್ತು. ನಹೂಮನ ಮೇಲೆ ಪ್ರಸಂಗ ಕೇಳಿದವರು ಅಪರೂಪ. ಇದು ಸರಿಯಲ್ಲ. ನಹೂಮನನ್ನು ಓದದವರಿಗೆ, ದೇವರು ನಿನೆವೆಯನ್ನು ಕ್ಷಮಿಸಿದ್ದಕ್ಕೆ ಯೋನನಿಗೆ ಬಂದ ಸಿಟ್ಟು ಬರೀ ಹಟವಾಗಿ ಕಾಣುತ್ತದೆ.

ಆ ಸಿಟ್ಟಿನ ಬೇರು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಲಾಕೀಷಿನ ಉಬ್ಬುಶಿಲ್ಪಗಳಲ್ಲಿದೆ. ಕ್ರಿ.ಪೂ. 701ರಲ್ಲಿ ಯೆಹೂದದ ಈ ಕೋಟೆಪಟ್ಟಣವನ್ನು ಗೆದ್ದ ಅಶ್ಶೂರ್ಯರ ಅರಸ ಸನ್ಹೇರೀಬ, ನಿನೆವೆಯ ತನ್ನ ಅರಮನೆಯಲ್ಲಿ ಅದನ್ನೇ ಕೆತ್ತಿಸಿದ. ಸೋತವರನ್ನು ಶೂಲಕ್ಕೇರಿಸಿದ್ದಾರೆ. ಇಬ್ಬರನ್ನು ನೆಲದ ಮೇಲೆ ಎಳೆದು ಕಟ್ಟಿ ಚರ್ಮ ಸುಲಿಯುತ್ತಿದ್ದಾರೆ. ಗಂಟುಮೂಟೆ ಹೇರಿದ ಎತ್ತಿನ ಗಾಡಿಗಳಲ್ಲಿ ಹೆಂಗಸರು, ಮಕ್ಕಳು ಊರು ಬಿಟ್ಟು ಹೊರಟಿದ್ದಾರೆ. ಮುಚ್ಚಿಡಬೇಕಾದ ಪಾಪವೆಂದು ಅರಸನಿಗೆ ಅನ್ನಿಸಲಿಲ್ಲ; ಬಂದವರೆಲ್ಲ ನೋಡಲೆಂದೇ ಗೋಡೆ ತುಂಬ ಕೆತ್ತಿಸಿದ್ದು.

ನಹೂಮ ನುಡಿದದ್ದು ಇಂಥವರ ವಿರುದ್ಧ. ಕ್ರಿ.ಪೂ. 663ರಲ್ಲಿ ಅಶ್ಶೂರ್ಯರೇ ಕೊಳ್ಳೆಹೊಡೆದ ಈಜಿಪ್ಟಿನ ಥೀಬ್ಸ್ ನಗರವನ್ನು ತೋರಿಸಿ, ನಿನಗೂ ಅದೇ ಗತಿ ಎನ್ನುತ್ತಾನೆ. 612ರಲ್ಲಿ ಬಾಬೆಲಿನವರೂ ಮೇದ್ಯರೂ ಸೇರಿ ನಿನೆವೆಯನ್ನು ಕೆಡವಿದರು. ಮೂರನೇ ಅಧ್ಯಾಯದಲ್ಲಿ ಚಾವಟಿಯ ಸದ್ದು, ಚಕ್ರಗಳ ಗಡಗಡ, ಹೆಣಗಳನ್ನು ಎಡವುತ್ತ ಓಡುವ ಜನ. ಇದು ಸೇಡಿನ ಹಾಡೆಂದು ಮೂಗು ಮುರಿಯುವವರಿದ್ದಾರೆ. ನನಗೆ ಕೇಳಿಸುವುದು ಲಾಕೀಷಿನ ಗಾಡಿಯಲ್ಲಿ ಕೂತವರ ದನಿ.

ಯೋನನ ಪುಸ್ತಕ ಕಥೆಯ ರೂಪದ್ದು. ಪ್ರವಾದಿ ಎಂಟನೇ ಶತಮಾನದವನಾದರೂ, ಪುಸ್ತಕ ಬರೆದದ್ದು ನಿನೆವೆ ಮಣ್ಣಾದ ಎಷ್ಟೋ ಕಾಲಾನಂತರ ಎಂದು ಬಹುಪಾಲು ವಿದ್ವಾಂಸರು ನಂಬುತ್ತಾರೆ. ಹಾಗಿದ್ದರೆ ಆ ಲೇಖಕನ ಧೈರ್ಯ ದೊಡ್ಡದು. ತನ್ನ ಜನರನ್ನು ತುಳಿದ ಊರಿನ ಅರಸನನ್ನು ಸಿಂಹಾಸನದಿಂದಿಳಿಸಿ ಬೂದಿಯಲ್ಲಿ ಕೂರಿಸುತ್ತಾನೆ. ದನಕರುಗಳಿಗೂ ಗೋಣಿತಟ್ಟು ಹೊದಿಸುತ್ತಾನೆ. ದೇವರು ಕ್ಷಮಿಸುತ್ತಾನೆ. ಯೋನನಿಗೆ ಬದುಕೇ ಬೇಡವೆನಿಸುತ್ತದೆ.

ಸೀನಾಯಿ ಬೆಟ್ಟದಲ್ಲಿ ಮೋಶೆ ಕೇಳಿದ್ದ ಹಳೆಯ ಮಾತೊಂದು ಇಬ್ಬರಿಗೂ ಗೊತ್ತು: ದೇವರು ಕನಿಕರವುಳ್ಳವನು, ಬೇಗ ಕೋಪಿಸಿಕೊಳ್ಳುವವನಲ್ಲ, ಆದರೂ ಅಪರಾಧಿಯನ್ನು ಸುಮ್ಮನೆ ಬಿಡುವವನಲ್ಲ. ಯೋನ ಕನಿಕರದ ಭಾಗ ಹಿಡಿದು ದೇವರ ಮೇಲೆಯೇ ದೂರು ಹೇಳುತ್ತಾನೆ. ನಹೂಮ ದೀರ್ಘಶಾಂತಿಯನ್ನು ಒಪ್ಪಿಕೊಂಡು ನೇರ ಕೊನೆಯ ಭಾಗಕ್ಕೆ ಹೋಗುತ್ತಾನೆ.

ಎರಡೂ ಪುಸ್ತಕ ಮುಗಿಯುವುದು ಪ್ರಶ್ನೆಯಲ್ಲಿ. ಬಲಗೈ ಎಡಗೈ ತಿಳಿಯದ 1,20,000ಕ್ಕೂ ಹೆಚ್ಚು ಜನ, ಅಷ್ಟೊಂದು ಪಶುಗಳಿರುವ ಊರಿನ ಮೇಲೆ ನಾನು ಕನಿಕರಪಡಬಾರದೇ ಎಂದು ಯೋನನನ್ನು ದೇವರು ಕೇಳುತ್ತಾನೆ. ನಿನ್ನ ಕ್ರೌರ್ಯ ಉಣ್ಣದವರು ಯಾರಿದ್ದಾರೆ ಎಂದು ಅಶ್ಶೂರದ ಅರಸನನ್ನು ನಹೂಮ ಕೇಳುತ್ತಾನೆ.

ಸುರಿಯಾನಿ ಸಭೆಗಳಲ್ಲಿ ತಪಸ್ಸುಕಾಲಕ್ಕೆ ಮುಂಚೆ ಮೂರು ದಿನ ನಿನೆವೆಯ ಉಪವಾಸವಿದೆ. ಕೇರಳದ ಕುರವಿಲಂಗಾಡಿನಲ್ಲಿ ಆಗ ಯೋನನ ನೆನಪಿಗೆ ಹಡಗಿನ ಮೆರವಣಿಗೆ ನಡೆಯುತ್ತದೆ. ಆ ಮೂರು ದಿನಗಳಲ್ಲಿ ಮೊದಲು ನಹೂಮನನ್ನು, ಆಮೇಲೆ ಯೋನನನ್ನು ಓದಿ ನೋಡಿ.