ಟಿವಿ ಮುಂದ ಕುಂದ್ರತಾನ, ಪುಸ್ತಕದ ಮುಂದ ಯಾಕಿಲ್ಲ?

‘ಟಿವಿ ಮುಂದ ಎರಡು ತಾಸು ಅಲುಗಾಡಂಗಿಲ್ರೀ ಸರ. ಪುಸ್ತಕ ಹಿಡಿ ಅಂದ್ರ ಎರಡು ನಿಮಿಷಕ್ಕ ಎದ್ದ. ಬೇಕಂತನ ಮಾಡ್ತಾನ.’

ಕುಷ್ಟಗಿ ಕಡೆಯ ಮನೆಗಳಲ್ಲಿ ಇಂಥ ಮಗುವಿನ ಬಗ್ಗೆ ಮಾಸ್ತರ ಮುಂದೆ ಬರುವ ದೂರು ಹೆಚ್ಚುಕಡಿಮೆ ಹೀಗೇ ಇರುತ್ತದೆ. ಮಗನ ಹಟಕ್ಕೆ ಸಾಕ್ಷಿಯೆಂದು ತಾಯಿ ಹೇಳುವ ಈ ಮಾತು ಎಡಿಎಚ್‌ಡಿ (ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ) ಇರುವ ಮಿದುಳಿನ ಕೆಲಸಕ್ಕೆ ಒಳ್ಳೆಯ ಸುಳಿವೂ ಹೌದು.

ಗಮನ ಎರಡು ದಾರಿಯಲ್ಲಿ ಬರುತ್ತದೆ. ಟಿವಿ ತಾನಾಗಿಯೇ ಗಮನವನ್ನು ಎಳೆದುಕೊಳ್ಳುತ್ತದೆ. ಕ್ಷಣಕ್ಕೊಂದು ಚಿತ್ರ, ಸದ್ದು, ಬಣ್ಣ. ಹದಿನೇಳರ ಮಗ್ಗಿ ಹಾಗೆ ಎಳೆಯುವುದಿಲ್ಲ, ಗಮನವನ್ನು ಒಳಗಿನಿಂದಲೇ ಹಿಡಿದು ನಿಲ್ಲಿಸಬೇಕು. ಆ ಹಿಡಿತ ಹಣೆಯ ಹಿಂದಿರುವ ಮಿದುಳಿನ ಮುಂಭಾಗದ್ದು. ಅಲ್ಲಿನ ನರಜಾಲ ನಡೆಯುವುದು ಡೋಪಮೈನ್, ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳ ಮೇಲೆ. ‘ಈ ಕೆಲಸಕ್ಕೆ ಕಷ್ಟಪಡಬಹುದು’ ಎಂಬ ಸೂಚನೆ ಕೊಡುವಲ್ಲಿ ಡೋಪಮೈನಿನ ಪಾಲು ದೊಡ್ಡದು. ಎಡಿಎಚ್‌ಡಿ ಇರುವವರಲ್ಲಿ ಈ ಸೂಚನೆ ಕೈಗೆಟಕುವ ಫಲಕ್ಕೆ ಜೋರಾಗಿಯೂ ದೂರದ ಫಲಕ್ಕೆ ಸಣ್ಣಗೂ ಬರುತ್ತದೆ. ಮಾರ್ಚ್ ತಿಂಗಳ ಪರೀಕ್ಷೆ ಜುಲೈನಲ್ಲಿ ಅವರ ಮಿದುಳಿಗೆ ಇದ್ದೂ ಇಲ್ಲದ ಹಾಗೆ.

ಪ್ರಯೋಗಾಲಯದಲ್ಲಿ ಗಮನದ ಹಿಡಿತವನ್ನು ಅಳೆಯಲು ಸರಳ ಪರೀಕ್ಷೆಯೊಂದಿದೆ. ಪರದೆಯ ಮೇಲೆ ಒಂದೊಂದೇ ಅಕ್ಷರ ಮೂಡುತ್ತದೆ, ಮಗು ಗುಂಡಿ ಒತ್ತಬೇಕು. ಒಂದು ಅಕ್ಷರಕ್ಕೆ ಮಾತ್ರ ಒತ್ತಬಾರದು. ಎಡಿಎಚ್‌ಡಿ ಇರುವ ಮಗು ನಾಲ್ಕಾರು ಸಲ ಚಕಚಕನೆ ಒತ್ತಿ, ಮುಂದಿನದಕ್ಕೆ ಇದ್ದಕ್ಕಿದ್ದಂತೆ ತಡಮಾಡುತ್ತದೆ, ಮತ್ತೆ ಚುರುಕಾಗುತ್ತದೆ. ಈ ಏರುಪೇರು ಅಧ್ಯಯನದಿಂದ ಅಧ್ಯಯನಕ್ಕೆ ಮತ್ತೆ ಮತ್ತೆ ಕಂಡಿದೆ. ಸುಮ್ಮನೆ ಕೂತಾಗ ಯೋಚನೆಗಳಲ್ಲಿ ಅಲೆಯುವ ಮಿದುಳಿನ ಭಾಗಗಳು ಕೆಲಸ ಶುರುವಾದೊಡನೆ ತಣ್ಣಗಾಗಬೇಕು. ಇವರಲ್ಲಿ ಅವು ಪೂರ್ತಿ ತಣ್ಣಗಾಗದೆ ನಡುನಡುವೆ ತಲೆಹಾಕುತ್ತವೆ ಎಂಬುದು ಇದಕ್ಕೊಂದು ವಿವರಣೆ. ‘ನಿನ್ನೆ ಎಲ್ಲಾ ಲೆಕ್ಕ ಸರಿ ಮಾಡಿದ್ದಿ, ಇವತ್ತೇನಾತು?’ ಎಂದು ಗದರುವ ಮಾಸ್ತರರು ಇದನ್ನು ತಿಳಿದಿರುವುದು ಒಳ್ಳೆಯದು.

2007ರಲ್ಲಿ ಅಮೆರಿಕದ ಫಿಲಿಪ್ ಶಾ ಮತ್ತು ಸಂಗಡಿಗರು ಮಕ್ಕಳ ಮಿದುಳನ್ನು ವರ್ಷಗಳ ಕಾಲ ಸ್ಕ್ಯಾನ್ ಮಾಡಿದ ಫಲಿತಾಂಶ ಪ್ರಕಟಿಸಿದರು. ಮಿದುಳಿನ ಹೊರಪದರದ ಅರ್ಧಭಾಗ ಗರಿಷ್ಠ ದಪ್ಪಕ್ಕೆ ಬರುವ ವಯಸ್ಸು ಬೇರೆ ಮಕ್ಕಳಲ್ಲಿ ಸುಮಾರು 7.5 ವರ್ಷ, ಎಡಿಎಚ್‌ಡಿ ಇದ್ದವರಲ್ಲಿ 10.5. ಹೆಚ್ಚು ಹಿಂದೆ ಬಿದ್ದದ್ದು ಮುಂಭಾಗ. ಚಲನೆಯನ್ನು ನಡೆಸುವ ಭಾಗ ಮಾತ್ರ ತುಸು ಮೊದಲೇ ಬಲಿತಿತ್ತು. ಕುದುರೆ ಸಿದ್ಧ, ಲಗಾಮು ಇನ್ನೂ ಹೊಲಿಗೆಯಲ್ಲಿದೆ. ಬೆಳೆದ ಮೇಲೆ ಎಲ್ಲರಿಗೂ ತಾನಾಗಿ ಸರಿಹೋಗುತ್ತದೆ ಎಂದಲ್ಲ. ಅನೇಕರಲ್ಲಿ ಓಟ ನಿಲ್ಲುತ್ತದೆ, ಮರೆವು ಮತ್ತು ಚಡಪಡಿಕೆ ಉಳಿಯುತ್ತವೆ.

ಔಷಧದ ಕಥೆ ಸ್ವಾರಸ್ಯದ್ದು. 1937ರಲ್ಲಿ ಚಾರ್ಲ್ಸ್ ಬ್ರಾಡ್ಲಿ ಎಂಬ ವೈದ್ಯ ಆಸ್ಪತ್ರೆಯ ಮಕ್ಕಳಿಗೆ ತಲೆನೋವಿಗೆಂದು ಉತ್ತೇಜಕ ಬೆಂಜೆಡ್ರಿನ್ ಕೊಟ್ಟ. ತಲೆನೋವಿಗೆ ಅದು ಅಷ್ಟಕ್ಕಷ್ಟೇ, ಆದರೆ ಮಕ್ಕಳು ಪಾಠಕ್ಕೆ ಕೂತರು! ಇಂದು ಬಳಸುವ ಮೀಥೈಲ್‌ಫೆನಿಡೇಟ್ ಕೂಡ ಉತ್ತೇಜಕವೇ. ನರಕೋಶ ತಾನು ಬಿಟ್ಟ ಡೋಪಮೈನನ್ನು ಹಿಂದಕ್ಕೆ ಹೀರಿಕೊಳ್ಳುವ ಬಾಗಿಲನ್ನು ಅದು ತಡೆಯುತ್ತದೆ. ಹೀಗಾಗಿ ಸೂಚನೆ ಇನ್ನಷ್ಟು ಹೊತ್ತು ನಿಲ್ಲುತ್ತದೆ. ತಜ್ಞರು ಬರೆದುಕೊಡದೆ ಮುಟ್ಟುವಂಥದ್ದಲ್ಲ.

ಪತ್ತೆ ಮಾಡುವುದೇ ನಮ್ಮ ಕಡೆ ಕಷ್ಟ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಸರ್ಕಾರಿ ಶಾಲೆಗಳಲ್ಲಿ ತಪಾಸಣೆ ಮಾಡುವ ತೊಂದರೆಗಳ ಪಟ್ಟಿಯಲ್ಲಿ ಎಡಿಎಚ್‌ಡಿಯೂ ಇದೆ. ಆದರೆ ಇದಕ್ಕೆ ರಕ್ತಪರೀಕ್ಷೆ ಇಲ್ಲ, ಸ್ಕ್ಯಾನಿನಿಂದಲೂ ತೀರ್ಮಾನವಾಗದು. ಲಕ್ಷಣಗಳು ಹನ್ನೆರಡು ವರ್ಷದೊಳಗೆ ಕಂಡಿರಬೇಕು, ಆರು ತಿಂಗಳಾದರೂ ಇದ್ದಿರಬೇಕು, ಮನೆ-ಶಾಲೆ ಹೀಗೆ ಎರಡು ಕಡೆಯಾದರೂ ತೊಂದರೆ ಕೊಟ್ಟಿರಬೇಕು. ಅಂದರೆ ದೊಡ್ಡವರು ಮಗುವನ್ನು ನೋಡಿರಬೇಕು. ಗುಳೆ ಹೋಗುವ ಊರುಗಳಲ್ಲಿ ಅಪ್ಪ-ಅವ್ವ ಬೆಂಗಳೂರಿನಲ್ಲೋ ಗೋವಾದಲ್ಲೋ ಇರುತ್ತಾರೆ, ಮಗು ಅಜ್ಜಿಯ ಬಳಿ. ಇಲ್ಲವೇ ಅವರ ಬೆನ್ನಿಗೇ ಹೋಗಿ ನಡುವರ್ಷದಲ್ಲಿ ಶಾಲೆ ಬಿಡುತ್ತದೆ. ಆರು ತಿಂಗಳ ಕಥೆ ಹೇಳುವವರು ಯಾರು? ಇನ್ನು ಗದ್ದಲ ಮಾಡದೆ ಕಿಟಕಿಯಾಚೆ ನೋಡುತ್ತ ಕೂತ ಹುಡುಗಿಯ ಮೇಲೆ ದೂರೇ ಬರುವುದಿಲ್ಲ. ಕಿವಿ ಸೋರಿ ಸರಿಯಾಗಿ ಕೇಳಿಸದ, ರಕ್ತ ಕಡಿಮೆ ಇರುವ, ನಿದ್ದೆಗೆಟ್ಟ ಮಗುವೂ ಹೊರನೋಟಕ್ಕೆ ಹೀಗೇ ಕಾಣಬಹುದು. ಅದನ್ನು ಮೊದಲು ನೋಡಬೇಕು.

ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ವ್ಯವಸ್ಥೆ ರಾಜ್ಯದಲ್ಲಿದೆ. ಫೋನಿನಲ್ಲಾದರೆ ಟೆಲಿ-ಮಾನಸ್, 14416. ತರಗತಿಯಲ್ಲಂತೂ ಕಾಯಬೇಕಿಲ್ಲ: ಹುಡುಗನನ್ನು ಮುಂದಿನ ಸಾಲಿಗೆ ತಂದು, ಹತ್ತು ಲೆಕ್ಕ ಒಟ್ಟಿಗೆ ಕೊಡುವ ಬದಲು ಎರಡು ಕೊಟ್ಟು, ಮಾಡಿದ ಕೂಡಲೇ ನೋಡಿ ಸರಿ ಗುರುತು ಹಾಕಿ, ಆಫೀಸಿನಿಂದ ಚಾಕ್‌ಪೀಸ್ ತರಲು ಓಡಿಸಿ, ಬಂದ ಮೇಲೆ ಇನ್ನೆರಡು ಕೊಡಬಹುದು.